‘ಜುವಾಂಗ್‌ಜಿ’ಯಲ್ಲಿ ಸಹಜತೆಯ ಎರಡು ದನಿಗಳು

ಚೀನಾದ ದಾವೋ ಪರಂಪರೆಯಲ್ಲಿ ‘ದಾವೋ ದ ಜಿಂಗ್’ ಸೂತ್ರಗಳಲ್ಲಿ ಹೇಳಿದ್ದನ್ನು ‘ಜುವಾಂಗ್‌ಜಿ’ ಕಥೆಗಳಲ್ಲಿ ಪರೀಕ್ಷೆಗೊಡ್ಡುತ್ತದೆ. ಕ್ರಿ.ಪೂ. 4ನೇ ಶತಮಾನದ ಜುವಾಂಗ್ ಜೌನ ಹೆಸರಿನಲ್ಲಿದ್ದರೂ ಇದು ಒಂದೇ ಕೈಯ ಬರವಣಿಗೆಯಲ್ಲ. ಕ್ರಿ.ಶ. 312ರಲ್ಲಿ ತೀರಿಕೊಂಡ ಗುವೊ ಶಿಯಾಂಗ್ ಪರಿಷ್ಕರಿಸಿದ 33 ಅಧ್ಯಾಯಗಳ ಪಾಠ ಇಂದು ಬಳಕೆಯಲ್ಲಿದೆ. ಮೊದಲ 7 ‘ಒಳ ಅಧ್ಯಾಯ’ಗಳು ಜುವಾಂಗ್ ಜೌನವೆಂಬುದು ಸಾಂಪ್ರದಾಯಿಕ ನಂಬಿಕೆ. ಸಹಜತೆಯ ಬಗ್ಗೆ ಕೃತಿ ಒಂದೇ ದನಿಯಲ್ಲಿ ಮಾತಾಡದಿರುವುದಕ್ಕೆ ಈ ಹಿನ್ನೆಲೆಯೂ ಕಾರಣ.

ಒಳ ಅಧ್ಯಾಯಗಳಲ್ಲಿ ಸಹಜತೆ ಸಾಧನೆಯ ಫಲ. 3ನೇ ಅಧ್ಯಾಯದ ಅಡುಗೆಯವ ಡಿಂಗ್ ಎತ್ತಿನ ಮಾಂಸ ಕಡಿಯುವಾಗ ಚೂರಿ ಮೂಳೆಗೆ ತಾಕದೆ ಸಂದುಗಳಲ್ಲಿ ಹಾಯುತ್ತದೆ. 19 ವರ್ಷ ಕಳೆದರೂ ಅದರ ಅಲಗು ಮೊಂಡಾಗಿಲ್ಲ. ಈ ಸಲೀಸು ವರ್ಷಗಟ್ಟಲೆಯ ರೂಢಿಯಿಂದ ಬಂದದ್ದು. ತೊಡಕಿನ ಗಂಟು ಎದುರಾದರೆ ಡಿಂಗ್ ಈಗಲೂ ಕೈ ನಿಧಾನಿಸಿ ಎಚ್ಚರ ವಹಿಸುತ್ತಾನೆ. ಸಹಜತೆಯೆಂದರೆ ಎಲ್ಲವನ್ನೂ ಬಿಟ್ಟು ಸುಮ್ಮನಿರುವುದು ಎಂಬ ಜನಪ್ರಿಯ ಓದು ಈ ವಿವರವನ್ನೇ ಮರೆಯುತ್ತದೆ.

9ನೇ ಅಧ್ಯಾಯದ ನಿಲುವು ಬೇರೆ. ಕುದುರೆಗೆ ಕಡಿವಾಣ ತೊಡಿಸಿ ಪಳಗಿಸುವವನು ಅದರ ಸ್ವಭಾವವನ್ನೇ ಕೆಡಿಸುತ್ತಾನೆ ಎಂಬ ವಾದ ಇಲ್ಲಿಯದು. ಅಧಿಕಾರದ ಟೀಕೆಯಾಗಿ ಇದು ಮೊನಚಾಗಿದೆ. ಆದರೆ ತರಬೇತಿಯೆಲ್ಲವೂ ವಿಕೃತಿಯೆನ್ನುವುದಾದರೆ ಡಿಂಗ್‌ನ ಕೈಚಳಕಕ್ಕೂ ನೆಲೆಯಿಲ್ಲ.

12ನೇ ಅಧ್ಯಾಯದಲ್ಲಿ ಈ ಬಿಕ್ಕಟ್ಟು ಕಥೆಯಾಗುತ್ತದೆ. ಬಾವಿಗಿಳಿದು ಕೊಡದಲ್ಲಿ ನೀರು ಹೊತ್ತು ತರುವ ಮುದುಕನಿಗೆ ಕನ್‌ಫ್ಯೂಷಿಯಸ್‌ನ ಶಿಷ್ಯನೊಬ್ಬ ಏತ ಬಳಸಲು ಸೂಚಿಸುತ್ತಾನೆ. ಯಂತ್ರ ಬಳಸಿದರೆ ಮನಸ್ಸೂ ಯಂತ್ರವಾಗುತ್ತದೆಂದು ಮುದುಕ ನಿರಾಕರಿಸುತ್ತಾನೆ. ತಂತ್ರಜ್ಞಾನದ ವಿರುದ್ಧ ಈ ಕಥೆಯನ್ನು ಉದಾಹರಿಸುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ಆದರೆ ಮುಂದೆ ಕನ್‌ಫ್ಯೂಷಿಯಸ್, ಆ ಮುದುಕ ಒಂದನ್ನು ಬಲ್ಲ, ಎರಡನೆಯದನ್ನು ಅರಿಯ ಎನ್ನುತ್ತಾನೆ. ತನ್ನ ಆದರ್ಶವನ್ನೇ ಪ್ರಶ್ನಿಸಿಕೊಳ್ಳುವ ಈ ಧೈರ್ಯ ಕೃತಿಯ ದೊಡ್ಡ ಗುಣ.

ಕೊರತೆ ಇರುವುದು ನೀತಿಯ ವಿಚಾರದಲ್ಲಿ. 4ನೇ ಅಧ್ಯಾಯದಲ್ಲಿ ಕ್ರೂರ ಅರಸನನ್ನು ತಿದ್ದಲು ಹೊರಟ ಕನ್‌ಫ್ಯೂಷಿಯಸ್‌ನ ಶಿಷ್ಯ ಯಾನ್ ಹುಯಿಗೆ ದೊರೆಯುವ ಉಪದೇಶ ‘ಮನಸ್ಸಿನ ಉಪವಾಸ’: ಪೂರ್ವಯೋಜನೆಗಳನ್ನು ಬರಿದು ಮಾಡಿಕೊಂಡು ಎದುರಿರುವುದಕ್ಕೆ ಕಿವಿಗೊಡುವುದು. ಸಲಹೆಗಾರನ ಅಹಂಕಾರ ಇದರಿಂದ ಕರಗಬಹುದು. ಆದರೆ ಅರಸನ ಕ್ರೌರ್ಯಕ್ಕೆ ಬಲಿಯಾಗುತ್ತಿರುವ ಪ್ರಜೆಗಳ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಕೆಲಸದಲ್ಲಿ ತನ್ಮಯನಾಗುವ ಬಗೆಯನ್ನು ‘ಜುವಾಂಗ್‌ಜಿ’ ಅಪೂರ್ವವಾಗಿ ತೋರಿಸಿಕೊಡುತ್ತದೆ. ಯಾವ ಕೆಲಸ ಮಾಡತಕ್ಕದ್ದು ಎಂಬುದಕ್ಕೆ ಓದುಗ ಬೇರೆಡೆ ಅಳತೆಗೋಲು ಹುಡುಕಬೇಕಾಗುತ್ತದೆ.