ಆರು ಸಾಲಿನ ಓವರ್‌ಡ್ರೈವ್

ಆಲೂರಿನ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ನನ್ನ 1964ರ ಎಂಜಿಬಿಯ ಬಾನೆಟ್ ಎತ್ತಿ, "ಇದು ನಮ್ಮ ಅಂಬಾಸಿಡರ್ ಇಂಜಿನ್ನೇ ಅಲ್ವಾ ಸಾರ್?" ಅಂದರು. ಹೌದು, ಎರಡೂ ಬಿಎಂಸಿಯ ಬಿ-ಸೀರೀಸ್ ವಂಶದವು. ಅದು 1489 ಸಿಸಿ, ಇದು 1798. ಅವರು ಅಂಬಾಸಿಡರ್‌ನಲ್ಲಿ ಕಾಣದಿದ್ದದ್ದು ಗೇರುಬಾಕ್ಸಿನ ಬಾಲಕ್ಕೆ ಕೂತು ಇಂಜಿನ್ನಿನ ಸುತ್ತು ಇಳಿಸುವ ಲೇಕಾಕ್ ಓವರ್‌ಡ್ರೈವ್. ಅದರ ವೈರುಗಳನ್ನು ಹಿಂದೆ ಯಾರೋ ಕತ್ತರಿಸಿ ಹಾಕಿದ್ದರು. ಎರಡು ದಿನ ಬಿಟ್ಟು ಅವರು ಕಾಫಿ ಮೂಟೆಯ ಲೇಬಲ್ ಹಿಂದೆ ಆರು ಸಾಲಿನ ವೈರಿಂಗ್ ಸೂತ್ರ ಬರೆದುಕೊಟ್ಟು, "ನೀವೇ ಹಾಕ್ಕೊಳ್ಳಿ, ಗಾಡಿ ಅಡಿ ಮಲಗೋ ವಯಸ್ಸು ನಂದಲ್ಲ" ಅಂದರು. ಸೂತ್ರ ಅವರದು, ವ್ಯಾಖ್ಯಾನ ನನ್ನದು.

"ಬಾಡಿ ಪ್ಲಸ್ಸು."

1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಬಾಡಿಗೆ ಸೇರುತ್ತದೆ. ಸ್ವಿಚ್ಚಿಗೂ ಓವರ್‌ಡ್ರೈವಿನ ಸೊಲೆನಾಯ್ಡ್ ಸುರುಳಿಗೂ ಇದರಿಂದ ಬಾಧೆಯಿಲ್ಲ. ಆದರೆ ಈಗಿನ ಕೆಲವು ರಿಲೇಗಳ ಹೊಟ್ಟೆಯಲ್ಲಿ ಡಯೋಡ್ ಇರುತ್ತದೆ. ಉಲ್ಟಾ ಕೊಟ್ಟರೆ ನೇರ ಶಾರ್ಟ್. ಡಯೋಡ್ ಇಲ್ಲದ್ದನ್ನು ಕೇಳಿ ತಂದೆ.

"ಬಿಳಿ ಹುಕುಂ, ಕಂದು ಕೂಲಿ."

ಲೂಕಾಸ್ ಬಣ್ಣಗಳ ಲೆಕ್ಕದಲ್ಲಿ ಬಿಳಿ ವೈರಿಗೆ ಕೀಲಿ ತಿರುಗಿಸಿದಾಗ ಮಾತ್ರ ಜೀವ, ಕಂದು ವೈರು ಸದಾ ಜೀವಂತ. ಅಪ್ಪಣೆ ಬಿಳಿಯಿಂದ, ದುಡಿಮೆಯ ಕರೆಂಟು ಫ್ಯೂಸ್ ಹಾಕಿದ ಕಂದಿನಿಂದ. ಕೀಲಿ ತೆಗೆದ ಮೇಲೆ ರಾತ್ರಿಯಿಡೀ ಸುರುಳಿ ಉರಿಯುತ್ತ ಕೂರುವುದಿಲ್ಲ.

"ಭಾರ ರಿಲೇ ಹೊರಲಿ."

ನನ್ನದು ಡಿ ನಮೂನೆಯ ಓವರ್‌ಡ್ರೈವ್. ಸೊಲೆನಾಯ್ಡ್ ಒಳಗೆ ಎರಡು ಸುರುಳಿ: ಎಳೆಯುವುದು, ಹಿಡಿದಿಡುವುದು. ಎಳೆಯುವುದು ಆ ಒಂದು ಕ್ಷಣ 15 ಆಂಪಿಯರಿಗೂ ಮೇಲೆ ನುಂಗುತ್ತದೆ. ಡ್ಯಾಶ್‌ಬೋರ್ಡಿನ ಪುಟ್ಟ ಸ್ವಿಚ್ಚು ಅದನ್ನು ಎಷ್ಟು ದಿನ ತಡೆದೀತು? ಅದಕ್ಕೇ ಸ್ವಿಚ್ಚು ರಿಲೇಗೆ ಅಪ್ಪಣೆ ಮಾತ್ರ ಕೊಡುತ್ತದೆ.

"ಗೇರು ಹೂಂ ಅಂದರೆ ಮಾತ್ರ."

ಇಡೀ ಚೀಟಿಯ ಜೀವ ಇಲ್ಲಿದೆ. ಗೇರುಬಾಕ್ಸಿನ ಮೇಲೊಂದು ಚಿಕ್ಕ ಸ್ವಿಚ್ಚಿದೆ. ಮೂರು, ನಾಲ್ಕನೇ ಗೇರಿನಲ್ಲಷ್ಟೇ ಅದು ಕೂಡುತ್ತದೆ. ಡ್ಯಾಶ್‌ಬೋರ್ಡಿನಿಂದ ಬಂದ ಅಪ್ಪಣೆ ಇದನ್ನು ದಾಟಿಯೇ ರಿಲೇ ಮುಟ್ಟಬೇಕು. ಅವಸರಕ್ಕೆ ಇದನ್ನು ಬಿಟ್ಟು ನೇರ ವೈರು ಎಳೆದವರುಂಟು, ಗಾಡಿ ಓಡುತ್ತದೆ ಕೂಡ. ಆಮೇಲೊಂದು ದಿನ ತೋಟದ ಗೇಟಿನಲ್ಲಿ ಸ್ವಿಚ್ಚು ಆಫ್ ಮಾಡಲು ಮರೆತು ರಿವರ್ಸ್ ಹಾಕುತ್ತಾರೆ. ಓವರ್‌ಡ್ರೈವ್ ಒಳಗೆ ಒಂದೇ ದಿಕ್ಕಿಗೆ ತಿರುಗುವ ಕ್ಲಚ್ ಇದೆ. ಓವರ್‌ಡ್ರೈವ್ ಹಿಡಿದಿರುವಾಗ ಹಿಂದಕ್ಕೆ ಎಳೆದರೆ ಅದು ಕಚ್ಚಿಕೊಂಡು ಒಡೆಯುತ್ತದೆ. ಕರೆಂಟು ಹೋದರೂ ಎಣ್ಣೆಯ ಒತ್ತಡ ಇಳಿಯಲು ಗಳಿಗೆ ಬೇಕು, ಆದ್ದರಿಂದ ನಾನು ನಿಂತು, ಉಸಿರು ಬಿಟ್ಟು, ಆಮೇಲೆ ರಿವರ್ಸ್ ಹಾಕುತ್ತೇನೆ. ಒಂದು, ಎರಡು, ರಿವರ್ಸ್, ಕೀಲಿ ಇಲ್ಲದಾಗ: ಈ ವೈರಿಂಗಿನ ಮುಕ್ಕಾಲು ಕೆಲಸ 'ಬೇಡ' ಅನ್ನುವುದೇ.

"ಟಿಕ್ ಅಂದರೆ ಸಾಲದು."

ಮೊದಲ ಸಲ ಟಿಕ್ ಅಂದಾಗ ನಾನು ಸಿಳ್ಳೆ ಹಾಕಿದ್ದೆ. ಆಂಪ್ ಮೀಟರು ಇಟ್ಟು ನೋಡಿದರೆ ಮುಳ್ಳು ಏರಿದ್ದು ಇಳಿಯಲೇ ಇಲ್ಲ. ಒಳಗಿನ ಕಂಬಿ ಪೂರ್ತಿ ಎಳೆದುಕೊಂಡು ತುದಿಯ ಕಾಂಟ್ಯಾಕ್ಟನ್ನು ಬಿಡಿಸಿದರಷ್ಟೇ ಎಳೆಯುವ ಸುರುಳಿ ಸುಮ್ಮನಾಗಿ, ಕರೆಂಟು ಒಂದು ಆಂಪಿಯರ್ ಆಸುಪಾಸಿಗೆ ಬರುವುದು. ಇಲ್ಲವಾದರೆ ಸುರುಳಿ ಸುಟ್ಟ ವಾಸನೆ. ತಪ್ಪು ವೈರಿನದ್ದಲ್ಲ, ಸೊಲೆನಾಯ್ಡ್ ಎಳೆಯುವ ಲಿವರಿನದ್ದು. ಲಿವರಿನ ತೂತು ಕೇಸಿಂಗಿನ ತೂತಿಗೆ ನೇರ ಬರುವಂತೆ 3/16 ಅಂಗುಲದ ಡ್ರಿಲ್ ಬಿಟ್ ತೂರಿಸಿ, ನಟ್ಟು ಬಿಗಿದೆ. ಮುಳ್ಳು ಏರಿ, ತಕ್ಷಣ ಬಿತ್ತು. ಜೊತೆಗೆ ಅರ್ತ್ ಕೂತಲ್ಲಿ ಬಣ್ಣ ಕೆರೆದು ಗ್ರೀಸ್ ಬಳಿದೆ; ಸಕಲೇಶಪುರದ ಮಳೆಗಾಲ ಬರಿ ತಾಮ್ರವನ್ನು ಹಸಿರು ಪುಡಿ ಮಾಡಿಬಿಡುತ್ತದೆ.

"ದೋಣಿಗಾಲ್ ದಾಟಿದರೆ ಆಫ್."

ಹಾಸನದಿಂದ ಆಲೂರು, ಬಾಳ್ಳುಪೇಟೆ ಕಡೆ ಬರುವಾಗ ಟಾಪ್ ಗೇರಿನಲ್ಲಿ ಗಂಟೆಗೆ 80 ಕಿ.ಮೀ.ಗೆ ಇಂಜಿನ್ ಸುಮಾರು 2800 ಸುತ್ತು. ಓವರ್‌ಡ್ರೈವ್ ಹಾಕಿದರೆ 2250. ಸದ್ದು ಇಳಿದು, ಪಕ್ಕದಲ್ಲಿ ಕೂತವರ ಮಾತು ಕೇಳುವಷ್ಟಾಗುತ್ತದೆ. ದೋಣಿಗಾಲ್ ಆಚೆ ಶಿರಾಡಿ ಘಾಟಿ. ಇಳಿಜಾರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸಬೇಕು, ಓವರ್‌ಡ್ರೈವ್ ಆ ಹಿಡಿತವನ್ನು ಸಡಿಲಿಸುತ್ತದೆ. ಲಾರಿ ಸಾಲಿನ ಹಿಂದೆ ಬರಿ ಬ್ರೇಕಿನ ಮೇಲೆ ಗುಂಡ್ಯದವರೆಗೆ ಇಳಿಯುವ ಆಸೆ ನನಗಿಲ್ಲ. ಚೀಟಿಯಲ್ಲಿ ಈ ಸಾಲಿನ ಕೆಳಗೆ ಅವರು ಎರಡು ಗೆರೆ ಎಳೆದಿದ್ದಾರೆ.