ಮೂಕಚಿತ್ರಯುಗದ ಸುಲೋಚನಾ: ಒಂದು ಪರಾಮರ್ಶೆ

ವಾಕ್ಚಿತ್ರದ ಆಗಮನದೊಡನೆ ಮೂಕಚಿತ್ರದ ನಟಿಯರು ತೆರೆಮರೆಗೆ ಸರಿದರೆಂಬುದು ಚಲಚ್ಚಿತ್ರದ ಚರಿತ್ರೆಯಲ್ಲಿ ರೂಢಮೂಲವಾದ ಮಾತು. ಇದಕ್ಕೆ ನಿದರ್ಶನವಾಗಿ ಸುಲೋಚನಾ ಅವರನ್ನು ಹೆಸರಿಸುವುದುಂಟು. ಆಕೆಯ ಚಿತ್ರಗಳನ್ನು ಕಾಲಾನುಕ್ರಮವಾಗಿ ಪರಿಶೀಲಿಸಿದಲ್ಲಿ ಈ ಮಾತು ಅರ್ಧಸತ್ಯವೆಂದೇ ನಮಗೆ ತೋರುತ್ತದೆ.

1907ರಲ್ಲಿ ಪುಣೆಯ ಬಾಗ್ದಾದಿ ಯಹೂದಿ ಮನೆತನವೊಂದರಲ್ಲಿ ಜನಿಸಿದ ರೂಬಿ ಮೈಯರ್ಸ್ ಮೊದಲು ಟೆಲಿಫೋನ್ ಆಪರೇಟರ್ ಆಗಿದ್ದರು. ಮೋಹನ್ ಭವನಾನಿಯವರು ಆಕೆಯನ್ನು ಮುಂಬಯಿಯ ಕೋಹಿನೂರ್ ಸಂಸ್ಥೆಗೆ ಕರೆತಂದರು; ಅಲ್ಲಿ ರೂಬಿ ಸುಲೋಚನಾ ಆದರು. 1926ರಲ್ಲಿ ‘ಟೈಪಿಸ್ಟ್ ಗರ್ಲ್’, ‘ಟೆಲಿಫೋನ್ ಗರ್ಲ್’ ಚಿತ್ರಗಳು ಬಂದವು. 1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ಆಕೆ ಎಂಟು ವೇಷಗಳನ್ನು ಧರಿಸಿದರು. ಪುರಾಣಸ್ತ್ರೀಯರನ್ನು ಕಂಡು ರೂಢಿಯಾಗಿದ್ದ ಪ್ರೇಕ್ಷಕರು ಸಂಬಳಕ್ಕೆ ದುಡಿಯುವ ಪಟ್ಟಣದ ಹೆಣ್ಣನ್ನು ಇಲ್ಲಿ ಕಂಡರು. ಈ ಮೂರ್ತಿಯೇ ಆಕೆಯ ಮುಖ್ಯ ಕೊಡುಗೆಯೆಂದು ನಮ್ಮ ಅಭಿಪ್ರಾಯ.

ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ಬಗೆಯಾಗಿ ವಿಭಾಗಿಸಿದೆ. ಮೂಕಚಿತ್ರದಲ್ಲಿ ವಾಚಿಕವು ನಟಿಯ ಪಾಲಿನದಲ್ಲ. ಅದು ತೆರೆಯ ಮೇಲಿನ ಬರಹದ ಪಾಲಿನದು. ಬಲ್ಲವನು ಓದಿಕೊಂಡನು, ಅರಿಯದವನು ಪಕ್ಕದವನಿಂದ ಕೇಳಿಕೊಂಡನು. ನಾಯಿಕೆಯ ನುಡಿ ಪ್ರತಿಯೊಬ್ಬನಿಗೂ ತನ್ನ ನುಡಿಯೇ ಆಯಿತು. 1931ರಲ್ಲಿ, ಸುಲೋಚನಾ ದುಡಿಯುತ್ತಿದ್ದ ಇಂಪೀರಿಯಲ್ ಸಂಸ್ಥೆಯೇ ‘ಆಲಂ ಆರಾ’ವನ್ನು ಹೊರತಂದಾಗ ಈ ಸೌಕರ್ಯ ಕೊನೆಗೊಂಡಿತು. ಆಕೆಗೆ ಹಿಂದುಸ್ತಾನಿಯ ಬಳಕೆ ಸಾಲದಾಗಿತ್ತು. ಆದರೆ ಆಕೆ ಅಲ್ಲಿಗೇ ನಿಲ್ಲಲಿಲ್ಲ. ಭಾಷೆಯನ್ನು ಕಲಿತು 1932ರಲ್ಲಿ ‘ಮಾಧುರಿ’ಯ ಮೂಲಕ ಮರಳಿದರು.

ಹಾಗಾದರೆ ಕೊರತೆ ಎಲ್ಲಿಯದು? ‘ಇಂದಿರಾ ಎಂ.ಎ.’ (1934), ‘ಅನಾರ್ಕಲಿ’ (1935), ‘ಬಂಬಯಿ ಕಿ ಬಿಲ್ಲಿ’ (1936) ಇವು ಮೂರೂ ಆಕೆಯ ಮೂಕಚಿತ್ರಗಳ ಪುನರಾವೃತ್ತಿಗಳು. ಹಳೆಯ ಕೀರ್ತಿಗೆ ಧ್ವನಿ ಕೂಡಿತು. ಆದರೆ ಧ್ವನಿಗೆ ತಕ್ಕ ಹೊಸ ಪಾತ್ರ ಕೂಡಲಿಲ್ಲ. ಅಷ್ಟರಲ್ಲಿ ಪ್ರೇಕ್ಷಕರು ಹಾಡಬಲ್ಲ ನಾಯಿಕೆಯರನ್ನು ಬಯಸತೊಡಗಿದ್ದರು. ಆದುದರಿಂದ ಭಾಷೆಯೊಂದನ್ನೇ ದೂರುವುದು ನ್ಯಾಯವಲ್ಲ. ನಿರ್ಮಾಪಕರ ಕಲ್ಪನಾದಾರಿದ್ರ್ಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.

1928ರ ಮೂಕ ‘ಅನಾರ್ಕಲಿ’ಯಲ್ಲಿಯೂ 1935ರ ವಾಕ್ಚಿತ್ರದಲ್ಲಿಯೂ ಆಕೆಯೇ ನಾಯಿಕೆ. 1953ರಲ್ಲಿ ಅದೇ ಕಥೆ ಮತ್ತೆ ತೆರೆಗೆ ಬಂದಾಗ ನಾಯಿಕೆ ಬೀನಾ ರಾಯ್. ಸುಲೋಚನಾ ಸಲೀಮನ ತಾಯಿ. ಇಪ್ಪತ್ತೈದು ವರ್ಷಗಳ ಚಿತ್ರೋದ್ಯಮದ ಚರಿತ್ರೆ ಈ ಮೂರು ಪಾತ್ರಗಳಲ್ಲಿ ಅಡಗಿದೆ.

1973ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಆಕೆಗೆ ಸಂದಿತು. 1983ರಲ್ಲಿ ಆಕೆ ನಿಧನರಾದರು. ಭಾರತದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕ ಮೂಕಚಿತ್ರಗಳಲ್ಲಿ ಬಹುಪಾಲು ನಷ್ಟವಾಗಿವೆ. ಪ್ರಶಸ್ತಿಯಿಂದ ವ್ಯಕ್ತಿಗೆ ಗೌರವ ಸಲ್ಲುತ್ತದೆ. ಅಭಿನಯವು ಉಳಿಯಬೇಕಾದರೆ ಫಿಲ್ಮು ಉಳಿಯಬೇಕು. ಉಳಿದ ಸುರುಳಿಗಳ ರಕ್ಷಣೆಯನ್ನು ಸಾಹಿತ್ಯದ ಓಲೆಗರಿಗಳ ರಕ್ಷಣೆಯಷ್ಟೇ ಗುರುತರವಾದ ಕಾರ್ಯವೆಂದು ವಿದ್ವತ್ಸಮೂಹವು ಭಾವಿಸಬೇಕೆಂದು ನಾವು ಬಯಸುತ್ತೇವೆ.