ಕೊನೆಯ ಸಾಲಿನ ಹೆಜ್ಜೆ

ಮಹಾಲಕ್ಷ್ಮಿ ಲೇಔಟಿನ ಅಡ್ಡರಸ್ತೆಗಳಲ್ಲಿ ಸಂಜೆಯ ವೇಳೆ ನಡೆದುಹೋಗುವವರಿಗೆ, ಯಾವುದೋ ಮನೆಯ ಮೊದಲ ಮಹಡಿಯಿಂದಲೋ ತಾರಸಿಯ ಮೇಲಿನ ತಗಡಿನ ಸೂರಿನಡಿಯಿಂದಲೋ ಗೆಜ್ಜೆಯ ದನಿ ಕೇಳಿಬರುವುದು ಹೊಸತೇನಲ್ಲ. ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳಲ್ಲಿ ನೃತ್ಯ ತರಗತಿಯೆಂಬುದು ಮನೆಪಾಠದಷ್ಟೇ ಸಹಜವಾದ ಸಂಗತಿ. ಭರತನಾಟ್ಯ, ಕಥಕ್, ಸಿನಿಮಾ ನೃತ್ಯ, ಈಚೆಗೆ ಬ್ಯಾಲೆ ಕೂಡ ಫಲಕಗಳ ಮೇಲೆ ಕಾಣಿಸಿಕೊಳ್ಳುತ್ತಿವೆ. ಮಗುವನ್ನು ಸೇರಿಸಲು ಹೋದ ತಂದೆತಾಯಿಗಳು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಶುಲ್ಕವೆಷ್ಟು, ವೇದಿಕೆ ಯಾವಾಗ? ಕಲಿಸುವ ಶಾಲೆ ಎಂಥದು, ಆ ಶಾಲೆಗೂ ವೇದಿಕೆಯೇರುವ ತಂಡಕ್ಕೂ ಇರುವ ಸಂಬಂಧವೇನು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ನೃತ್ಯ ತಂಡವೊಂದರ ಯೋಗ್ಯತೆಯನ್ನು ಅಳೆಯಬೇಕಾದುದು ಈ ಮೂರನೆಯ ಪ್ರಶ್ನೆಯಿಂದಲೇ ಎಂಬುದು ಪ್ರಸ್ತುತ ಲೇಖನದ ವಾದ.

ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕಾರ್ಡ್ ರಸ್ತೆಯನ್ನು ದಾಟಿ ಮಲ್ಲೇಶ್ವರಕ್ಕೆ ಹೋದರೆ ಸಾಕು. 1928ರಲ್ಲಿ ಅಲ್ಲಿಯೇ ಜನಿಸಿದ ಮಾಯಾ ರಾವ್ ಅವರ ಬಾಳು ಈ ಪ್ರಶ್ನೆಗೆ ದೊರೆತ ಒಂದು ದೀರ್ಘ ಉತ್ತರದಂತಿದೆ. ಸಾರಸ್ವತ ಮನೆತನದ ಹೆಣ್ಣುಮಕ್ಕಳು ನರ್ತಿಸುವುದನ್ನು ಸಮಾಜ ಒಪ್ಪದಿದ್ದ ಕಾಲವದು. ಬಿಆರ್‌ವಿ ಚಿತ್ರಮಂದಿರದಲ್ಲಿ ಉದಯಶಂಕರರ ತಂಡದ ಪ್ರದರ್ಶನವನ್ನು ಕಂಡ ಅವರ ತಂದೆ, ತಮ್ಮ ಹೆಣ್ಣುಮಕ್ಕಳೂ ನೃತ್ಯ ಕಲಿಯಲಿ ಎಂದು ನಿಶ್ಚಯಿಸಿದರು. ಜೈಪುರ ಘರಾಣೆಯ ಸೋಹನ್‌ಲಾಲ್ ಅವರಲ್ಲಿ ಬೆಂಗಳೂರಿನಲ್ಲೇ ಕಥಕ್ ಶಿಕ್ಷಣ ಆರಂಭವಾಯಿತು. ತಂದೆಯ ಮರಣದ ನಂತರ, ಇನ್ನೂ ಹದಿಹರೆಯದಲ್ಲಿದ್ದ ಮಗಳು ನೃತ್ಯ ಕಲಿಸಿ ಮನೆಗೆ ಆಸರೆಯಾದಳು. ವೇದಿಕೆಯ ಕೀರ್ತಿಗಿಂತ ಮೊದಲು ಪಾಠದ ಹೊಣೆ ಹೆಗಲೇರಿತು ಎಂಬುದನ್ನು ಇಲ್ಲಿ ಗಮನಿಸಬೇಕು. 1955ರಲ್ಲಿ ವಿದ್ಯಾರ್ಥಿವೇತನ ಪಡೆದು ದೆಹಲಿಯಲ್ಲಿ ಶಂಭು ಮಹಾರಾಜರ ಶಿಷ್ಯೆಯಾದ ಅವರು, 1960ರಲ್ಲಿ ಸೋವಿಯತ್ ಒಕ್ಕೂಟಕ್ಕೆ ತೆರಳಿ, ಮಾಸ್ಕೋದಲ್ಲಿ ನೃತ್ಯ ಸಂಯೋಜನೆಯನ್ನೇ ಒಂದು ಶಾಸ್ತ್ರವಾಗಿ ಅಭ್ಯಾಸ ಮಾಡಿದರು.

ಅಲ್ಲಿ ಅವರಿಗೆ ಗುರುವಾಗಿದ್ದವರು ರೋಸ್ತಿಸ್ಲಾವ್ ಜಖಾರೋವ್. 1945ರಲ್ಲಿ ಬೊಲ್ಷಾಯ್ ರಂಗಮಂದಿರದಲ್ಲಿ ಪ್ರೊಕೋಫಿಯೇವ್ ಅವರ ಸಂಗೀತಕ್ಕೆ 'ಸಿಂಡ್ರೆಲಾ' ಬ್ಯಾಲೆಯನ್ನು ಮೊದಲ ಬಾರಿಗೆ ಸಂಯೋಜಿಸಿದವರು ಇವರೇ. ಇಂತಹ ಗುರುವಿನ ಬಳಿ ಕಲಿತ ಭಾರತೀಯ ನರ್ತಕಿ ತುದಿಗಾಲ ನಡಿಗೆಯನ್ನೂ ಬಿಳಿಯ ನಿಲುವಂಗಿಯನ್ನೂ ಹೊತ್ತು ತಂದಿದ್ದರೆ ಅದು ಅನುಕರಣೆಯಾಗುತ್ತಿತ್ತು. ಮಾಯಾ ರಾವ್ ತಂದದ್ದು ಬೇರೊಂದನ್ನು. ರಂಗದ ಮೇಲೆ ಇಪ್ಪತ್ತು ಜನ ನಿಂತಾಗ ಅವರ ನಡುವಿನ ಅಂತರವೂ ಅರ್ಥವನ್ನು ಹೊರುತ್ತದೆ. ಯಾರು ಚಲಿಸುತ್ತಾರೆ ಎಂಬಷ್ಟೇ ಯಾರು ಸ್ಥಿರವಾಗಿ ನಿಲ್ಲುತ್ತಾರೆ ಎಂಬುದೂ ಮುಖ್ಯ. ಈ ಜ್ಞಾನವನ್ನು ಪಾಠಕ್ರಮವಾಗಿ ರೂಪಿಸಿ ಕಲಿಸಬಹುದು. ಒಂಟಿ ನರ್ತಕಿಯ ಮನೋಧರ್ಮವನ್ನೇ ಶಿಖರವೆಂದು ಬಗೆದಿದ್ದ ನಮ್ಮ ಶಾಸ್ತ್ರೀಯ ಪರಂಪರೆಗೆ ಇದು ಹೊಸ ದೃಷ್ಟಿಯಾಗಿತ್ತು.

1964ರಲ್ಲಿ ದೆಹಲಿಯಲ್ಲಿ, ಕಮಲಾದೇವಿ ಚಟ್ಟೋಪಾಧ್ಯಾಯರ ಬೆಂಬಲದೊಂದಿಗೆ, ಭಾರತೀಯ ನಾಟ್ಯ ಸಂಘದ ಆಶ್ರಯದಲ್ಲಿ ನಾಟ್ಯ ಸಂಯೋಜನಾ ಸಂಸ್ಥೆ ಆರಂಭವಾಯಿತು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಆಹ್ವಾನದ ಮೇರೆಗೆ 1987ರಲ್ಲಿ ಅದು ಬೆಂಗಳೂರಿಗೆ, ಮಲ್ಲೇಶ್ವರಕ್ಕೆ ಬಂದಿತು. ಬೆಂಗಳೂರು ವಿಶ್ವವಿದ್ಯಾಲಯದ ಮಾನ್ಯತೆಯೊಂದಿಗೆ ನೃತ್ಯ ಸಂಯೋಜನೆ ಇಲ್ಲಿ ಪದವಿಯ ವಿಷಯವೇ ಆಯಿತು. ಇದರಿಂದಾಗಿ ನರ್ತಕರಷ್ಟೇ ಅಲ್ಲ, ನೃತ್ಯವನ್ನು ಕಟ್ಟಬಲ್ಲವರೂ ಕಲಿಸಬಲ್ಲವರೂ ತಯಾರಾದರು. ತಂಡವೊಂದು ಪ್ರದರ್ಶನ ಮುಗಿಸಿ ಹೊರಟುಹೋಗುತ್ತದೆ. ಶಾಲೆಯೊಂದು ಊರಿನಲ್ಲಿ ಉಳಿಯುತ್ತದೆ.

ಬ್ಯಾಲೆಯ ಇತಿಹಾಸವೂ ಇದನ್ನೇ ಹೇಳುತ್ತದೆ. ಫ್ರಾನ್ಸಿನಲ್ಲಿ 14ನೆಯ ಲೂಯಿ 1661ರಲ್ಲಿ ನೃತ್ಯ ಅಕಾಡೆಮಿಯನ್ನು ಸ್ಥಾಪಿಸಿದ. ಪ್ಯಾರಿಸ್ ಒಪೆರಾದ ಶಾಲೆ 1713ರಲ್ಲಿ ಬಂದಿತು. ಇವು ಅರಮನೆಯ ಕಥೆಗಳು. ಆದರೆ ಮುಂದೆ ಜಗತ್ತನ್ನೇ ಬೆರಗುಗೊಳಿಸಿದ ರಷ್ಯಾದ ಬ್ಯಾಲೆಯ ಬೇರು ಎಲ್ಲಿದೆ? 1738ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಫ್ರೆಂಚ್ ಗುರು ಲಾಂದೆ ಶಾಲೆಯನ್ನು ತೆರೆದಾಗ, ಮೊದಲು ಕಲಿಯಲು ಬಂದವರು ಅರಮನೆಯ ಸೇವಕರ ಮಕ್ಕಳು, ಹುಡುಗರು 12, ಹುಡುಗಿಯರು 12. ಮಾಸ್ಕೋದ ಬೊಲ್ಷಾಯ್ ಬ್ಯಾಲೆ ಶಾಲೆ ತನ್ನ ಆರಂಭವನ್ನು ಗುರುತಿಸಿಕೊಳ್ಳುವುದು 1773ರಲ್ಲಿ ಒಂದು ಅನಾಥಾಲಯದಲ್ಲಿ ನಡೆದ ನೃತ್ಯ ತರಗತಿಗಳಲ್ಲಿ. ಇಂದು ಶ್ರೀಮಂತಿಕೆಯ ಕುರುಹೆಂದು ನಾವು ಭಾವಿಸುವ ಕಲೆಯನ್ನು ಮೈಯಲ್ಲಿ ಹೊತ್ತು ಬೆಳೆಸಿದವರು ಸೇವಕರ ಮಕ್ಕಳು, ತಬ್ಬಲಿಗಳು. ಅವರಿಗೆ ಬಾಗಿಲು ತೆರೆದ ಶಾಲೆಯಿಂದಲೇ ಮಹಾನ್ ತಂಡಗಳು ಹುಟ್ಟಿದವು.

ಹಾಗೆಂದು ಮಾಯಾ ರಾವ್ ಅವರ ಪರಂಪರೆಯನ್ನು ಕೇವಲ ಹೊಗಳಿ ಮುಗಿಸುವುದು ವಿಮರ್ಶೆಯಾಗದು. ಜಖಾರೋವ್ ಪ್ರತಿನಿಧಿಸುತ್ತಿದ್ದುದು ಕಥೆಗೆ ಪ್ರಾಧಾನ್ಯ ನೀಡುವ ಪಂಥವನ್ನು. ಪ್ರತಿಯೊಂದು ಚಲನೆಯೂ ಕಥೆಯನ್ನು ಮುಂದಕ್ಕೆ ಒಯ್ಯಬೇಕು ಎಂಬುದು ಆ ಪಂಥದ ನಿಲುವು. ಅದರ ಶಕ್ತಿ ಸ್ಪಷ್ಟತೆ. ಅದರ ದೌರ್ಬಲ್ಯ, ನೃತ್ಯವು ಮೂಕಾಭಿನಯದ ಭಾರಕ್ಕೆ ಕುಗ್ಗಿಹೋಗುವುದು. ಮಾಯಾ ರಾವ್ ಮಾಸ್ಕೋದಲ್ಲಿದ್ದ ವರ್ಷಗಳಲ್ಲಿಯೇ ಅಲ್ಲಿನ ಗಾಳಿ ಬದಲಾಗುತ್ತಿತ್ತು. 1957ರಲ್ಲಿ ಗ್ರಿಗೊರೋವಿಚ್ ಸಂಯೋಜಿಸಿದ 'ಕಲ್ಲಿನ ಹೂವು' ನೃತ್ಯಕ್ಕೆ ಅದರ ಸ್ವಂತ ಭಾಷೆಯನ್ನು ಮರಳಿ ಕೊಡುವ ಹಾದಿಯನ್ನು ತೋರಿತ್ತು. 'ಹೊಯ್ಸಳ ವೈಭವ', 'ತುಲಸೀ ಕೇ ರಾಮ್' ಮುಂತಾದ ಮಾಯಾ ರಾವ್ ಕೃತಿಗಳ ಶೀರ್ಷಿಕೆಗಳೇ ಹೇಳುವಂತೆ, ಅವರ ಒಲವು ಇತಿಹಾಸ ಮತ್ತು ಭಕ್ತಿಯ ಕಥನಗಳತ್ತ. ಪ್ರೇಕ್ಷಕರಿಗೆ ಮೊದಲೇ ತಿಳಿದಿರುವ ಕಥೆಯನ್ನು ಆಯ್ದುಕೊಂಡಾಗ ಸಂಯೋಜಕರ ಹೊಣೆ ಹೆಚ್ಚುತ್ತದೆ. ಕಥೆ ಹೇಳಲಾರದುದನ್ನು ದೇಹ ಹೇಳಬೇಕು. ಆ ಹೊಣೆಯನ್ನು ಮರೆತ ಕಡೆ ನೃತ್ಯರೂಪಕವು ವೇಷಭೂಷಣದ ಮೆರವಣಿಗೆಯಾಗುತ್ತದೆ. ನಮ್ಮ ನಾಡಿನ ಉತ್ಸವಗಳಲ್ಲಿ ಇಂತಹ ಮೆರವಣಿಗೆಗಳನ್ನು ನಾವು ಸಾಕಷ್ಟು ನೋಡಿದ್ದೇವೆ.

ಈ ದೌರ್ಬಲ್ಯಕ್ಕೆ ಮದ್ದು ಬಂದದ್ದೂ ಅದೇ ಮನೆಯಿಂದ. ಅವರ ಮಗಳು ಮಧು ನಟರಾಜ್ 1995ರಲ್ಲಿ ಸ್ಟೆಮ್ ನೃತ್ಯ ತಂಡವನ್ನು ಸ್ಥಾಪಿಸಿದರು. ಅವಕಾಶ, ಕಾಲ, ಶಕ್ತಿ, ಚಲನೆ ಎಂಬ ನಾಲ್ಕು ಪದಗಳ ಇಂಗ್ಲಿಷ್ ಮೊದಲಕ್ಷರಗಳೇ ಅದರ ಹೆಸರು. 'ಕಂಪ್ನಿ' ಎಂಬ ಪದವನ್ನು ಅದು ಬರೆದುಕೊಳ್ಳುವ ರೀತಿಯಲ್ಲಿ ಕಂಪನದ ಧ್ವನಿಯೂ ಕೇಳುತ್ತದೆ. ಕನ್ನಡಿಗರಿಗೆ ಕಂಪನಿಯೆಂದೊಡನೆ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ನೆನಪಾಗುವುದು ಸಹಜ. ಒಂದೇ ಸೂರಿನಡಿ ಉಂಡು, ಕಲಿತು, ಆಡಿದವರ ಬಳಗವದು. ಹೊಸ ತಂಡದಲ್ಲಿ ಕಥಕ್ಕಿನ ಜೊತೆಗೆ ಯೋಗ, ಕಳರಿಪಯಟ್ಟುಗಳೂ ಸೇರಿ, ಕಥೆಯ ಬದಲು ಚಲನೆಯೇ ಮಾತನಾಡತೊಡಗಿತು. ಆದರೆ ಇಲ್ಲಿಯೂ ಒಂದು ಅಪಾಯವಿದೆ. ಕಥೆಯ ಊರುಗೋಲಿಲ್ಲದ ನೃತ್ಯದ ಮುಂದೆ ಸಾಮಾನ್ಯ ಕುಟುಂಬವೊಂದು ಪರಕೀಯ ಭಾವದಿಂದ ಕುಳಿತುಬಿಡಬಹುದು. ಅಂಥವರಿಗೆ ನೋಡುವ ಕಣ್ಣನ್ನು ನೀಡುವವರು ಯಾರು? ಮತ್ತೆ ಉತ್ತರ ಶಾಲೆಯೇ. ಕೆಲವು ವರ್ಷ ಹೆಜ್ಜೆ ಕಲಿತು ಬಿಟ್ಟ ಮಗು ಮುಂದೆ ನರ್ತಕಿಯಾಗದಿದ್ದರೂ, ಒಳ್ಳೆಯ ಪ್ರೇಕ್ಷಕಿಯಾಗುತ್ತಾಳೆ. ಇದು ಶಾಲೆಯ ಲೆಕ್ಕಪುಸ್ತಕದಲ್ಲಿ ಬಾರದ ಲಾಭ.

ಕುಟುಂಬಗಳನ್ನು ರಂಗಮಂದಿರಕ್ಕೆ ಕರೆತರುವ ಕಲೆಯಲ್ಲಿ ಬೆಂಗಳೂರಿನ ಮತ್ತೊಂದು ತಂಡ ನಿಪುಣವಾಗಿತ್ತು. ಒಂದೇ ಮನೆತನದವರು ತಲೆಮಾರುಗಳಿಂದ ಬೆಳೆಸಿದ ಪ್ರಭಾತ್ ಕಲಾವಿದರು, ಕುವೆಂಪು ಅವರ 'ಕಿಂದರಿಜೋಗಿ'ಯನ್ನೂ, 'ಸಿಂಡ್ರೆಲಾ' ಕಥೆಯನ್ನೂ ಕನ್ನಡದ ನೃತ್ಯರೂಪಕವಾಗಿಸಿ ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಪ್ರಿಯರಾದರು. ಮಾಸ್ಕೋದಲ್ಲಿ ಜಖಾರೋವ್ ಕಟ್ಟಿದ ಕಥೆಯೇ ಬೆಂಗಳೂರಿನಲ್ಲಿ ಕನ್ನಡ ಮಾತನಾಡಿತು ಎಂಬುದು ಸೋಜಿಗದ ಸಂಗತಿ. ಈ ಎರಡೂ ಕಥೆಗಳ ಸತ್ವವನ್ನು ವಿಚಾರ ಮಾಡಿ ನೋಡಿ. ಇಲಿಗಳ ಹಿಂಡು ಇಲ್ಲದೆ ಕಿಂದರಿಜೋಗಿಗೆ ಅರ್ಥವಿಲ್ಲ; ಒಲೆಯ ಬೂದಿಯಲ್ಲಿ ಕುಳಿತ ಹುಡುಗಿ ಇಲ್ಲದೆ ಅರಮನೆಯ ನೃತ್ಯಕ್ಕೆ ಬೆಲೆಯಿಲ್ಲ. ಎರಡರಲ್ಲಿಯೂ ಯಾರ ಗಣನೆಗೂ ಬಾರದವರೇ ಕಥೆಯ ಆಧಾರ.

ಇಷ್ಟೆಲ್ಲ ಹಿರಿಯ ಮಾದರಿಗಳು ಕೂಗಳತೆಯ ದೂರದಲ್ಲಿರುವಾಗ ನಮ್ಮ ಬಡಾವಣೆಗಳು ಅವುಗಳಿಂದ ಸ್ವೀಕರಿಸಿದ್ದೇನು? ಬಹುಮಟ್ಟಿಗೆ ಹೊಳಪನ್ನು ಮಾತ್ರ. ಧ್ವನಿಮುದ್ರಿತ ಹಾಡು, ಬಾಡಿಗೆಯ ಉಡುಪು, ಬೇಗಬೇಗನೆ ಬದಲಾಗುವ ಸಾಲುಗಳು, ಕೊನೆಗೊಂದು ಸ್ಮರಣಿಕೆ. ಶಾಲೆಗಳ ವಾರ್ಷಿಕೋತ್ಸವದಲ್ಲಿ, ಗಣೇಶೋತ್ಸವದ ಪೆಂಡಾಲಿನಲ್ಲಿ, ನಮ್ಮ ಧರ್ಮಕೇಂದ್ರಗಳ ಕ್ರಿಸ್ತಜಯಂತಿ ಕಾರ್ಯಕ್ರಮದಲ್ಲಿ ಕೂಡ ಇದೇ ಕ್ರಮ. ಚುರುಕಾದ ಮಗು ಮುಂದಿನ ಸಾಲಿಗೆ, ನಿಧಾನವಾದ ಮಗು ಹಿಂದಕ್ಕೆ, ಇನ್ನೂ ನಿಧಾನವಾದದ್ದು ಮನೆಗೆ.

ಇದರಲ್ಲಿ ಪಣಕ್ಕಿಟ್ಟಿರುವುದು ಅಭಿರುಚಿಯಷ್ಟೇ ಅಲ್ಲ, ಮಗುವಿನ ಶರೀರ ಕೂಡ. ಬ್ಯಾಲೆಯಲ್ಲಿ ಗೋಡೆಗುಂಟದ ಮರದ ಅಡ್ಡಪಟ್ಟಿಯನ್ನು ಹಿಡಿದು ಐದು ಮೂಲ ಪಾದಸ್ಥಾನಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ. ಪಾದಗಳು ಹೊರಕ್ಕೆ ತಿರುಗಬೇಕಾದದ್ದು ಸೊಂಟದ ಕೀಲಿನಿಂದ; ಮೊಣಕಾಲನ್ನು ಬಲವಂತವಾಗಿ ತಿರುಚಿದರೆ ಅದು ಗಾಯಕ್ಕೆ ಆಹ್ವಾನ. ತುದಿಬೆರಳ ಮೇಲೆ ನಿಲ್ಲುವ ಗಡಸು ಪಾದರಕ್ಷೆಯನ್ನು ಹಲವು ವರ್ಷಗಳ ತರಬೇತಿಯಾದ ಮೇಲೆ, ಸಾಮಾನ್ಯವಾಗಿ 11 ಅಥವಾ 12ರ ವಯಸ್ಸಿಗಿಂತ ಮುಂಚೆ ಕೊಡುವುದಿಲ್ಲ. ಎಳೆಯ ಮೂಳೆಗಳು ಇನ್ನೂ ಬಲಿಯುತ್ತಿರುತ್ತವೆ. ನೆಲ ಪುಟಿಯುವ ಮರದ್ದಾಗಿರಬೇಕು. ಕಾಂಕ್ರೀಟಿನ ಮೇಲೆ ಹಾಸಿದ ಗ್ರಾನೈಟಿನಲ್ಲಿ ಜಿಗಿಯುವ ಮಗುವಿನ ಮೊಣಕಾಲು, ಕಣಕಾಲುಗಳು ಪ್ರತಿ ಜಿಗಿತದ ಪೆಟ್ಟನ್ನೂ ತಾವೇ ತಿನ್ನುತ್ತವೆ. ನೆಲವನ್ನು ತಟ್ಟಿ ಹೆಜ್ಜೆಯಿಡುವ ಕಥಕ್ ಮತ್ತು ಭರತನಾಟ್ಯಗಳಿಗೂ ಈ ಮಾತು ಸಲ್ಲುತ್ತದೆ. ಆದ್ದರಿಂದ ನೃತ್ಯಶಾಲೆಗೆ ಹೋದ ತಂದೆತಾಯಿಗಳು ಗೋಡೆಯ ಮೇಲಿನ ಪ್ರಶಸ್ತಿಗಳನ್ನು ನೋಡುವುದಕ್ಕಿಂತ ಮೊದಲು ನೆಲವನ್ನು ನೋಡಲಿ. ವೇದಿಕೆ ಯಾವಾಗ ಎನ್ನುವ ಬದಲು, ಮೊದಲ ವರ್ಷ ಏನು ಕಲಿಸುತ್ತೀರಿ ಎಂದು ಕೇಳಲಿ.

ನೆಲದ ನಂತರ ಬಾಗಿಲು. ಸಮುದಾಯದ ತಂಡವೆಂದು ಕರೆದುಕೊಳ್ಳುವ ಸಂಸ್ಥೆಯ ಸಮುದಾಯದಲ್ಲಿ ಯಾರಿದ್ದಾರೆ? ಅದೇ ಬೀದಿಯಲ್ಲಿ ಮನೆಗೆಲಸ ಮಾಡುವ ತಾಯಿಯ ಮಗಳು ಒಳಗೆ ಬಂದು ಕಲಿಯಬಲ್ಲಳೇ, ಅಥವಾ ಕಿಟಕಿಯ ಹೊರಗೆ ನಿಂತು ಹೆಜ್ಜೆ ಅನುಕರಿಸಬೇಕೇ? ಗಂಡುಮಕ್ಕಳಿಗೆ ನಾಚಿಕೆಯಿಲ್ಲದೆ ಕಲಿಯುವ ವಾತಾವರಣವಿದೆಯೇ? ಅರಂಗೇಟ್ರದ ವೆಚ್ಚಕ್ಕಾಗಿ ಸಾಲ ಮಾಡುವ ಕುಟುಂಬಗಳಿರುವ ನಗರದಲ್ಲಿ ಇವು ಸಣ್ಣ ಪ್ರಶ್ನೆಗಳಲ್ಲ. ಶುಲ್ಕ ತೆಗೆದುಕೊಳ್ಳುವುದು ತಪ್ಪಲ್ಲ. ಗುರುವೂ ಬದುಕಬೇಕು, ನೆಲಬಾಡಿಗೆಯನ್ನೂ ಕಟ್ಟಬೇಕು. ಮಾಯಾ ರಾವ್ ಅವರೂ ಕಲಿಸಿಯೇ ಮನೆ ನಡೆಸಿದವರು. ಆದರೆ ಹತ್ತು ಮಂದಿಯ ಶುಲ್ಕದಲ್ಲಿ ಹನ್ನೊಂದನೆಯ ಮಗುವಿಗೆ ಜಾಗ ಮಾಡಿಕೊಡುವ ಮನಸ್ಸಿದ್ದರೆ ಶಾಲೆಯು ಅಂಗಡಿಯಾಗದೆ ಉಳಿಯುತ್ತದೆ. ಆ ಜಾಗವನ್ನು ಕಾಯ್ದಿಡಲು ನೆರವಾಗುವುದು ಉಳಿದ ಹತ್ತು ಕುಟುಂಬಗಳ ಕರ್ತವ್ಯವೂ ಹೌದು.

2014ರಲ್ಲಿ ಮಾಯಾ ರಾವ್ ನಿಧನರಾದಾಗ ಅವರು ಬಿಟ್ಟುಹೋದದ್ದು ಕೆಲವು ರೂಪಕಗಳನ್ನು ಮಾತ್ರವಲ್ಲ. ರೂಪಕಗಳ ಕಾಲ ಮುಗಿಯಬಹುದು. ಅವರು ಬಿಟ್ಟುಹೋದದ್ದು ಕಲಿತವರನ್ನು, ಕಲಿಸಬಲ್ಲವರನ್ನು. ಮುಂದಿನ ಬಾರಿ ನಿಮ್ಮ ಬಡಾವಣೆಯ ನೃತ್ಯ ಕಾರ್ಯಕ್ರಮಕ್ಕೆ ಹೋದಾಗ ನಡುವೆ ಬೆಳಗುತ್ತಿರುವ ನಾಯಕಿಯಿಂದ ಸ್ವಲ್ಪ ಹೊತ್ತು ಕಣ್ಣು ತೆಗೆದು ಕೊನೆಯ ಸಾಲನ್ನು ನೋಡಿ. ಅಲ್ಲಿರುವ ಮಗು ತನ್ನ ಪಕ್ಕದ ಮಗುವಿನ ಉಸಿರಿಗೆ ಕಿವಿಗೊಟ್ಟು ಹೆಜ್ಜೆಯಿಡುತ್ತಿದ್ದರೆ, ತಾನು ಮಾಡುತ್ತಿರುವುದರ ಅರ್ಥ ಆ ಮಗುವಿಗೆ ಗೊತ್ತಿದ್ದರೆ, ಆ ತಂಡದ ಹಿಂದೆ ನಿಜವಾದ ಶಾಲೆಯಿದೆ ಎಂದು ತಿಳಿಯಿರಿ. ನಿಮ್ಮ ಮಗುವನ್ನು ನಿಶ್ಚಿಂತೆಯಿಂದ ಅಲ್ಲಿಗೆ ಕಳುಹಿಸಿರಿ.